ಸತ್ಯಾಂಶ: ನಾಯಿಯ ಹೊಲಿಗೆಗೆ ಕಾಡುಜೇನು ಹಚ್ಚಬೇಕೇ?

‘ಆಪರೇಷನ್ ಆದ ನಾಯಿಯ ಹೊಲಿಗೆಗೆ ಕಾಡುಜೇನು ಹಚ್ಚಿ, ಮೂರೇ ದಿನದಲ್ಲಿ ಗಾಯ ಮಾಯ’ ಎಂಬ ಸಂದೇಶ ಶಿರಸಿ, ಕಾರವಾರದ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ.

ಇದರಲ್ಲಿ ಅರ್ಧ ನಿಜವಿದೆ. ಅದಕ್ಕೇ ಜನ ನಂಬುತ್ತಾರೆ. ಜೇನು ಗಾಯದ ತೇವವನ್ನು ಹೀರುತ್ತದೆ. ಅದು ಆಮ್ಲೀಯ, ಅದರಲ್ಲಿರುವ ಕಿಣ್ವವೊಂದು ಸ್ವಲ್ಪ ಸ್ವಲ್ಪವೇ ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುತ್ತದೆ. ಬ್ಯಾಕ್ಟೀರಿಯಾಗಳು ಅಲ್ಲಿ ಬೆಳೆಯುವುದು ಕಷ್ಟ. ಪಶುವೈದ್ಯರೂ ತೆರೆದ ಗಾಯಗಳಿಗೆ ಜೇನು ಬಳಸುವುದುಂಟು. ಆದರೆ ಅದು ಸಾಮಾನ್ಯವಾಗಿ ಗಾಮಾ ಕಿರಣ ಹಾಯಿಸಿ ರೋಗಾಣುಮುಕ್ತಗೊಳಿಸಿದ ವೈದ್ಯಕೀಯ ಜೇನು. ನಮ್ಮ ತುಡುವೆ, ಮಿಸರಿ ಜೇನಿನ ಮೇಲೆ ನನಗೂ ಅಪಾರ ಪ್ರೀತಿಯಿದೆ. ಆದರೂ ಹಸಿ ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ರೋಗಕಾರಕ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ಒಲೆಯ ಮೇಲೆ ಬಿಸಿ ಮಾಡಿದರೆ ಹಾಳಾಗುವುದು ಕಿಣ್ವ, ಬೀಜಕಣವಲ್ಲ.

ಅಂಚು ಕೂಡಿಕೊಂಡ ಒಣ ಹೊಲಿಗೆಗೆ ಏನನ್ನೂ ಹಚ್ಚುವ ಅಗತ್ಯವೇ ಇಲ್ಲ. ಜೇನು ಹಚ್ಚಿದರೆ ಇರುವೆ ಮುತ್ತುತ್ತದೆ, ನಾಯಿ ನೆಕ್ಕಿ ನೆಕ್ಕಿ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ಗಾಯವನ್ನು ಒಣಗಿಸಿಟ್ಟುಕೊಳ್ಳುವುದೇ ದೊಡ್ಡ ಕೆಲಸ. ನಾಯಿ ಗಾಯ ನೆಕ್ಕದಂತೆ ತಡೆಯುವ ಕೋನ್ ಅನ್ನು ಅದರ ಕೊರಳಿಗೆ ಹಾಕಿ. ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಹೊಲಿಗೆ ತೆಗೆಯುತ್ತಾರೆ. ನಡುವೆ ಕೀವು, ದುರ್ವಾಸನೆ, ಊತ ಕಂಡರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಜೇನಿನ ಪಟ್ಟಿ ಬೇಕೇ ಎಂಬುದನ್ನು ಗಾಯ ನೋಡಿ ಅವರೇ ಹೇಳುತ್ತಾರೆ.