ಕೆಡಿಇ ಎಕ್ಸ್ 11 ಬಿಡಲಿ, ಆದರೆ ಕನ್ನಡ ಟೈಪ್ ಮಾಡೋಕೆ ದಾರಿ ಇರಲಿ

ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆ ಮೇಲೆ ತೋರಿಸಿ, ಕೀ ಒತ್ತಿದ್ದನ್ನು ಆಪ್‌ಗಳಿಗೆ ಮುಟ್ಟಿಸುವ ಹಳೇ ವ್ಯವಸ್ಥೆ ಎಕ್ಸ್ 11, ಹೊಸದು ವೇಲ್ಯಾಂಡ್. ಕೆಡಿಇ ತಂಡದ ಡೆಸ್ಕ್‌ಟಾಪ್ ಆದ ಪ್ಲಾಸ್ಮಾದಲ್ಲಿ 6.8ರಿಂದ ಎಕ್ಸ್ 11 ಸೆಷನ್ ಇರುವುದಿಲ್ಲ, ವೇಲ್ಯಾಂಡ್ ಮಾತ್ರ ಎಂದು 2025ರ ನವೆಂಬರ್‌ನಲ್ಲಿ ಕೆಡಿಇಯವರು ಹೇಳಿದ್ದೇ ತಡ, ಲಿನಕ್ಸ್ ಮಂದಿಯ ಜಗಳ ಮತ್ತೆ ಶುರು. ಆತುರ ಬಿದ್ದರು ಅನ್ನುವವರೇ ಜಾಸ್ತಿ. ವೇಲ್ಯಾಂಡ್ ಕೆಲಸ ಶುರುವಾಗಿದ್ದು 2008ರಲ್ಲಿ ಸ್ವಾಮಿ, ಇದು ಆತುರವಾ?

ಎಕ್ಸ್ ಹುಟ್ಟಿದ್ದು 1984ರಲ್ಲಿ, ಎಂಐಟಿಯಲ್ಲಿ. 11ನೇ ಆವೃತ್ತಿ ಬಂದದ್ದು 1987ರಲ್ಲಿ. ಪರದೆ ಮೇಲಿರುವ ಪ್ರೋಗ್ರಾಂಗಳೆಲ್ಲ ನಂಬಿಕಸ್ಥರು ಅನ್ನೋದು ಆಗಿನ ಲೆಕ್ಕ. ಅದರ ಫಲ ನೋಡಬೇಕೆಂದರೆ ಎಕ್ಸ್ ಸೆಷನ್‌ನಲ್ಲಿ ಟರ್ಮಿನಲ್ ತೆರೆದು, xinput test ಅಂತ ಹಾಕಿ ನಿಮ್ಮ ಕೀಬೋರ್ಡಿನ ಸಂಖ್ಯೆ ಕೊಡಿ. ಆಮೇಲೆ ಬ್ರೌಸರ್‌ಗೆ ಹೋಗಿ ಯಾವುದಾದರೂ ಪಾಸ್‌ವರ್ಡ್ ಟೈಪ್ ಮಾಡಿ. ಒತ್ತಿದ ಒಂದೊಂದು ಕೀಯ ನಂಬರೂ ಟರ್ಮಿನಲ್‌ನಲ್ಲಿ ಸಾಲಾಗಿ ಬಂದು ಬೀಳುತ್ತದೆ. ರೂಟ್ (ಅಡ್ಮಿನ್) ಅನುಮತಿ ಬೇಡ, ಯಾರನ್ನೂ ಕೇಳುವುದೂ ಬೇಡ. ವೇಲ್ಯಾಂಡ್‌ನಲ್ಲಿ ಮುಂದಿರುವ ವಿಂಡೋಗೆ ಮಾತ್ರ ಕೀ ಒತ್ತಿದ್ದು ಗೊತ್ತಾಗುತ್ತದೆ. ನನಗೆ ಈ ಒಂದು ಕಾರಣವೇ ಸಾಕು.

ಹಳೆಯದೂ ಪಕ್ಕದಲ್ಲಿರಲಿ, ನಿಮ್ಮ ಗಂಟೇನು ಹೋಗುತ್ತೆ ಅನ್ನುತ್ತಾರೆ. ಹೋಗುತ್ತೆ ಕಣ್ರೀ. ಪ್ಲಾಸ್ಮಾ 6.4ರಲ್ಲೇ ವಿಂಡೋಗಳನ್ನು ನೋಡಿಕೊಳ್ಳುವ ಕೆವಿನ್ (KWin) ಎರಡು ಹೋಳಾಯಿತು, ಎಕ್ಸ್‌ಗೊಂದು, ವೇಲ್ಯಾಂಡ್‌ಗೊಂದು. ಅದೇ ನಾಲ್ಕು ಜನ ಎರಡನ್ನೂ ನೋಡಿಕೊಳ್ಳಬೇಕು. ಹಳೇ ಆಪ್‌ಗಳು ಹೇಗೂ ವೇಲ್ಯಾಂಡ್ ಒಳಗೇ ಎಕ್ಸ್ ಆಪ್ ಓಡಿಸುವ ಎಕ್ಸ್‌ವೇಲ್ಯಾಂಡ್ ಮೂಲಕ ನಡೆಯುತ್ತವೆ.

ನನ್ನ ತಕರಾರು ಬೇರೆ. ಕನ್ನಡ ಟೈಪ್ ಮಾಡುವವರ ಕಷ್ಟ ಈ ಜಗಳದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಎಕ್ಸ್‌ನಲ್ಲಿ ಐಬಸ್ (ಬೇರೆ ಭಾಷೆ ಟೈಪ್ ಮಾಡಿಸುವ ಸಾಫ್ಟ್‌ವೇರ್) ಹಾಕಿ, ಕನ್ನಡದ ಕೆಜಿಪಿ ಕೀಲಿ ವಿನ್ಯಾಸ ಅಂದರೆ ಲೇಔಟ್ ಆರಿಸಿಕೊಂಡರೆ ಮುಗೀತು. ಪ್ಲಾಸ್ಮಾ ವೇಲ್ಯಾಂಡ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ಗೆ ಹೋಗಿ, ವರ್ಚುವಲ್ ಕೀಬೋರ್ಡ್ ಅನ್ನೋ ಪುಟದಲ್ಲಿ ಐಬಸ್ ವೇಲ್ಯಾಂಡ್ ಆರಿಸಬೇಕು. ಪರದೆ ಮೇಲೆ ಬೆರಳಿಟ್ಟು ಒತ್ತುವ ಕೀಬೋರ್ಡಿನ ಪುಟ ಅದು! ಕನ್ನಡ ಬರೆಯೋಕೆ ಅಲ್ಲಿ ಹುಡುಕಬೇಕು ಅಂತ ಯಾರಿಗೆ ಹೊಳೆಯುತ್ತೆ ಹೇಳಿ? ಇಷ್ಟಾದರೂ ಕ್ರೋಮಿಯಂ (ಕ್ರೋಮ್ ಬ್ರೌಸರಿನ ಮೂಲ) ಮೇಲೆ ಕಟ್ಟಿದ ಆಪ್‌ಗಳನ್ನು ನೇರ ವೇಲ್ಯಾಂಡ್‌ನಲ್ಲಿ ಓಡಿಸಿದರೆ, ಬಹಳ ಕಾಲ ಬೇರೆ ಫ್ಲ್ಯಾಗ್ (ಆಪ್ ತೆರೆಯುವ ಆಜ್ಞೆಗೆ ಸೇರಿಸುವ ಸೂಚನೆ) ಕೊಟ್ಟು ತೆರೆಯಬೇಕಿತ್ತು, ಇಲ್ಲದಿದ್ದರೆ ‘ಕ’ ಒತ್ತಿದರೆ ಇಂಗ್ಲಿಷಿನ k ಅಕ್ಷರವೇ ಬೀಳುತ್ತಿತ್ತು. ಟೈಪ್ ಮಾಡಿದ್ದು ಆಪ್‌ಗೆ ಹೇಗೆ ತಲುಪಬೇಕು ಅನ್ನೋ ಪ್ರೋಟೋಕಾಲ್‌ನಲ್ಲೇ (ಟೆಕ್ಸ್ಟ್ ಇನ್‌ಪುಟ್ ಅಂತ ಅದರ ಹೆಸರು) ಒಮ್ಮತವಿರಲಿಲ್ಲ. ಕ್ರೋಮಿಯಂ ಮೊದಲು ಅದರ 1ನೇ ಆವೃತ್ತಿ ಹಿಡಿಯಿತು, ಇನ್ನೊಂದು ಡೆಸ್ಕ್‌ಟಾಪ್ ಆದ ಗ್ನೋಮ್ 3ನೆಯದು ಮಾತ್ರ ಅಂದಿತು. ನಡುವೆ ಸಿಕ್ಕಿಕೊಂಡವರು ಕನ್ನಡ, ಚೀನಿ, ಜಪಾನಿ ಬರೆಯುವವರು. ಇಂಗ್ಲಿಷ್ ಮಾತ್ರ ಟೈಪ್ ಮಾಡುವವನಿಗೆ ಇದು ಕಣ್ಣಿಗೇ ಬೀಳಲ್ಲ, ಅವನು ‘ನನಗೆ ಎಲ್ಲಾ ಸರಿ ಇದೆಯಲ್ಲ’ ಅಂತ ಬರೆದು ಹೋಗುತ್ತಾನೆ.

ಪ್ಲಾಸ್ಮಾದ ಎಕ್ಸ್ ಸೆಷನ್‌ಗೆ 2027ರ ಆರಂಭದವರೆಗೆ ಬೆಂಬಲ ಇರುತ್ತದೆ ಅಂದಿದ್ದಾರೆ. ಕೆಡಿಇ ಬಳಸುವ ಕನ್ನಡಿಗರು ಅಷ್ಟರೊಳಗೆ ಲಾಗಿನ್ ಪರದೆಯಲ್ಲಿ ವೇಲ್ಯಾಂಡ್ ಆರಿಸಿ, ನಿಮ್ಮ ದಿನದ ಆಪ್‌ಗಳಲ್ಲಿ ಒತ್ತಕ್ಷರ, ಅರ್ಕಾವತ್ತು ಎಲ್ಲಾ ಟೈಪ್ ಮಾಡಿ ನೋಡಿ. ಕೆಟ್ಟರೆ ಇಲ್ಲಿ ಕಮೆಂಟಿನಲ್ಲಿ ಬೈದು ಸುಮ್ನಾಗಬೇಡಿ. ಯಾವ ಆಪ್, ಐಬಸ್ಸಾ ಅಥವಾ ಅದರಂಥದ್ದೇ ಇನ್ನೊಂದಾದ ಎಫ್‌ಸಿಟಿಎಕ್ಸಾ, ಯಾವ ಲೇಔಟ್ ಅಂತ ಬರೆದು ಕೆಡಿಇಯವರು ದೋಷಗಳ ದೂರು ತೆಗೆದುಕೊಳ್ಳುವ ಬಗ್‌ಜಿಲ್ಲಾ ತಾಣದಲ್ಲಿ ಹಾಕಿ. ಇಂಗ್ಲಿಷ್ ಬರೆಯೋಕೆ ಹಿಂಜರಿಕೆ ಇದ್ದರೆ ನನಗೆ ಕಳಿಸಿ, ನಾನು ಹಾಕುತ್ತೇನೆ.