ಹಿತ್ತಲ ಕೋಳಿಮರಿ, ಸೊಗಡಿನ ಅವರೆ

ಮನೆಯಲ್ಲೇ ಬೆಳೆದು, ಸಾಕಿ ತಿನ್ನುವ ಖುಷಿ ಈಗಿನ ಮಕ್ಕಳಿಗೆ ಗೊತ್ತಿಲ್ಲ ಎಂದು ಲೇಖನದಲ್ಲಿ ಬರೆದಿದ್ದೀರಿ. ನಮ್ಮ ಮನೆ ಮಕ್ಕಳಿಗೆ ಗೊತ್ತಿದೆ ಸರ್. ನಮ್ಮದು ಮಂಡ್ಯದ ಹತ್ತಿರ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಊರು. ಹಿತ್ತಲಲ್ಲಿ ನಾಟಿ ಕೋಳಿಗಳಿವೆ. ಕಳೆದ ತಿಂಗಳು ನಮ್ಮತ್ತೆ ಮಂಕರಿಗೆ ಹುಲ್ಲು ಹಾಸಿ, 11 ಮೊಟ್ಟೆ ಇಟ್ಟು ಹೇಂಟೆಯನ್ನು ಕಾವಿಗೆ ಕೂರಿಸಿದರು. ಮಗಳು ದಿನಾ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. 21ನೇ ದಿನ ಬೆಳಗ್ಗೆ ಮೊಟ್ಟೆಯೊಳಗಿಂದಲೇ ಚಿಂವ್ ಚಿಂವ್ ಸದ್ದು! ಚಿಪ್ಪು ಒಡೆದು ಒದ್ದೆ ಮರಿ ಹೊರಗೆ ಬರುವುದನ್ನು ಅವಳು ಉಸಿರು ಬಿಗಿಹಿಡಿದು ನೋಡಿದಳು. ಸ್ಕೂಲಿಗೆ ಅರ್ಧ ಗಂಟೆ ತಡವಾಯಿತು, ಆಗಲಿ ಬಿಡಿ. ಒಟ್ಟು 9 ಮರಿಗಳು. ಅವು ತಾಯಿಯ ರೆಕ್ಕೆ ಕೆಳಗಿಂದ ತಲೆ ಹೊರಗೆ ಹಾಕುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಅವರೆಕಾಯಿ ಬಗ್ಗೆ ನೀವು ಬರೆಯಲೇ ಇಲ್ಲವಲ್ಲ? ಇಬ್ಬನಿ ಬಿದ್ದಷ್ಟೂ ಅದರ ಸೊಗಡು ಜಾಸ್ತಿ ಅಲ್ವಾ. ರಾತ್ರಿ ಎಲ್ಲರೂ ಜಗುಲಿಯಲ್ಲಿ ಕೂತು ನೆನೆಸಿದ ಕಾಳು ಹಿತಕುತ್ತೇವೆ. ಟಿವಿ ಸುಮ್ನೆ ಆಫ್ ಆಗಿರುತ್ತದೆ, ಮಾವ ಹಳೇ ಕತೆ ಹೇಳುತ್ತಾರೆ. ಮಾರನೇ ದಿನ ಬಿಸಿ ರಾಗಿಮುದ್ದೆ, ಹಿತಕಿದ ಬೇಳೆ ಸಾರು. ಒಮ್ಮೆ ಮಾಗಿ ಚಳಿಯಲ್ಲಿ ನಮ್ಮ ಕಡೆ ಬನ್ನಿ.