ಕೊಡಗಿನ ಸಣ್ಣ ಶಾಲೆಗಳ ವಿಲೀನ: ಸಮಾನತೆಗೆ ದಾರಿಯೋ, ನ್ಯಾಯಕ್ಕೆ ಧಕ್ಕೆಯೋ?

ಬೆರಳೆಣಿಕೆಯ ಮಕ್ಕಳಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳನ್ನು ಮುಚ್ಚಿ, ಆ ಮಕ್ಕಳನ್ನು ವಾಹನದಲ್ಲಿ ಒಂದು ದೊಡ್ಡ ಶಾಲೆಗೆ ಕರೆತರಬೇಕೇ? ಕೊಡಗಿನಲ್ಲಿ ಈ ಪ್ರಶ್ನೆ ಎದ್ದಾಗ ಹೌದೆನ್ನುವವರೂ ಬೇಡವೆನ್ನುವವರೂ ಸಮಾನತೆಯ ಹೆಸರನ್ನೇ ಹೇಳುತ್ತಾರೆ. ಒಬ್ಬರ ಪಾಲಿಗೆ ಸಮಾನತೆಯೆಂದರೆ ಎಲ್ಲ ಮಕ್ಕಳಿಗೂ ಒಂದೇ ಮಟ್ಟದ ಶಾಲೆ. ಇನ್ನೊಬ್ಬರ ಪಾಲಿಗೆ, ಹೆಚ್ಚು ಅಡಚಣೆ ಇರುವ ಮಗುವಿಗೆ ಹೆಚ್ಚು ಆಸರೆ. 4,102 ಚದರ ಕಿಲೋಮೀಟರ್ ವಿಸ್ತಾರದಲ್ಲಿ 2011ರ ಜನಗಣತಿಯಂತೆ 5,54,519 ಮಂದಿಯಷ್ಟೇ ಇರುವ, ಮನೆಗಳು ಒತ್ತೊತ್ತಾಗಿ ನಿಂತು ಊರಾಗದೆ ತೋಟ ಗದ್ದೆಗಳ ನಡುವೆ ಚದುರಿಕೊಂಡಿರುವ ಈ ಜಿಲ್ಲೆಯಲ್ಲಿ ಇವೆರಡೂ ಒಂದೇ ದಾರಿಯಲ್ಲಿ ನಡೆಯುವುದು ಕಷ್ಟ. ಎರಡೂ ವಾದಗಳನ್ನು ನಾನೇ ಬರೆಯುತ್ತಿದ್ದೇನೆ. ನನ್ನ ಒಲವನ್ನು ಮರೆಮಾಚುವ ಉದ್ದೇಶವಿಲ್ಲವಾದರೂ, ಒಪ್ಪದ ವಾದವನ್ನು ಸಪ್ಪೆಯಾಗಿ ಬರೆದು ಗೆದ್ದೆನೆಂದುಕೊಳ್ಳುವ ಚಾಳಿಯೂ ನನಗೆ ಬೇಡ.

ಪರ

ಐದು ತರಗತಿ, ಏಳು ಮಕ್ಕಳು, ಒಬ್ಬ ಶಿಕ್ಷಕ: ಇದನ್ನು ಶಾಲೆ ಎಂದು ಕರೆಯುವುದು ಕಟ್ಟಡದ ಮೇಲಿನ ಫಲಕದ ಬಲದಿಂದ ಮಾತ್ರ. ಶಿಕ್ಷಣ ಹಕ್ಕು ಕಾಯ್ದೆಯ ಅನುಬಂಧವು ಅರುವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕೆಂದು ಹೇಳುತ್ತದೆ. ಆದರೂ 2016-17ರಲ್ಲಿ ದೇಶದಲ್ಲಿ 1,08,017 ಏಕೋಪಾಧ್ಯಾಯ ಶಾಲೆಗಳಿದ್ದವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಒಪ್ಪಿಕೊಂಡಿದೆ; ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಶೇ. 28ರಷ್ಟರಲ್ಲಿ ಮೂವತ್ತಕ್ಕಿಂತ ಕಡಿಮೆ ಮಕ್ಕಳಿದ್ದರು. ಒಬ್ಬನೇ ಇರುವ ಆ ಶಿಕ್ಷಕ ಬಿಸಿಯೂಟದ ಲೆಕ್ಕ ಬರೆಯಬೇಕು, ಸಭೆಗೆ ಹೋಗಬೇಕು, ಚುನಾವಣೆ ಮತ್ತು ಜನಗಣತಿಯ ಕೆಲಸಕ್ಕೂ ನಿಲ್ಲಬೇಕು. ಆತ ಜ್ವರ ಬಂದು ಮಲಗಿದ ದಿನ ಊರಿನ ಪಾಲಿಗೆ ಶಿಕ್ಷಣ ವ್ಯವಸ್ಥೆಯೇ ಮಲಗಿದಂತೆ.

ಇದಕ್ಕಿಂತ ಗಂಭೀರವಾದ ಪ್ರಶ್ನೆ, ಆ ಏಳು ಮಕ್ಕಳು ಯಾರು ಎಂಬುದು. 1964-66ರ ಕೊಠಾರಿ ಆಯೋಗವು ನೆರೆಹೊರೆಯ ಶಾಲೆಯ ಕಲ್ಪನೆಯನ್ನು ಮುಂದಿಟ್ಟಾಗ, ಒಂದು ಪ್ರದೇಶದ ಎಲ್ಲ ಮನೆಗಳ ಮಕ್ಕಳೂ ಜಾತಿ, ವರ್ಗ, ಆದಾಯಗಳ ಭೇದವಿಲ್ಲದೆ ಒಂದೇ ಬೆಂಚಿನಲ್ಲಿ ಕೂರಬೇಕೆಂಬ ಆಶಯ ಅದರಲ್ಲಿತ್ತು. ಇಂದು ತೋಟದ ಯಜಮಾನರ ಮಕ್ಕಳು ಹಳದಿ ವ್ಯಾನಿನಲ್ಲಿ ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುತ್ತಾರೆ, ಅನುಕೂಲವಿದ್ದರೆ ಮೈಸೂರು, ಮಂಗಳೂರಿನ ವಸತಿ ಶಾಲೆಗಳಿಗೂ. ಅದೇ ತೋಟದ ಲೈನ್ ಮನೆಯ, ಅಂದರೆ ಕಾರ್ಮಿಕರ ಸಾಲು ಮನೆಗಳ ಮಕ್ಕಳು ಮಾತ್ರ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಉಳಿದಿರುತ್ತಾರೆ. ನೆರೆಹೊರೆಯ ಶಾಲೆ ಈಗ ಬೇರೆಡೆಗೆ ಹೋಗಲಾರದವರ ಶಾಲೆ. ಹತ್ತಿರದಲ್ಲಿದೆ ಎಂಬ ಒಂದೇ ಗುಣವನ್ನು ಹಿಡಿದು ಅದನ್ನು ಉಳಿಸಿಕೊಳ್ಳುವುದೆಂದರೆ ಬಡವರ ಮಕ್ಕಳನ್ನು ಅವರಷ್ಟಕ್ಕೇ ಒಂದು ಬೇಲಿಯೊಳಗೆ ಇಟ್ಟು ಅದಕ್ಕೆ ಅನುಕೂಲ ಎಂಬ ಹೆಸರಿಟ್ಟಂತೆ.

ಈ ಬೇಲಿಗೆ ಕಾನೂನಿನ ಗೂಟವೂ ಇದೆ. ಕಾಯ್ದೆಯ 12(1)(ಸಿ) ಕಲಮಿನ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಆರಂಭದ ತರಗತಿಯ ಕನಿಷ್ಠ ಶೇ. 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಬಿಟ್ಟುಕೊಡಬೇಕು. ಕರ್ನಾಟಕದಲ್ಲಿ ನಿಯಮ ತಿದ್ದುಪಡಿಯಾಗಿ, 2019-20ರಿಂದ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅಲ್ಲಿನ ಖಾಸಗಿ ಶಾಲೆಗೆ ಈ ಹೊಣೆ ಇಲ್ಲವಾಯಿತು. ಅಂದರೆ ಏಳು ಮಕ್ಕಳ ಶಾಲೆಯೊಂದು ತಾನೂ ಸರಿಯಾಗಿ ಕಲಿಸಲಾರದೆ, ಇದೆ ಎಂಬ ಕಾರಣಕ್ಕೇ ಪಕ್ಕದ ಬಾಗಿಲನ್ನೂ ಮುಚ್ಚಿಸುತ್ತದೆ. ಬಡ ಮಗುವಿಗೆ ಆ ಶಾಲೆ ಎರಡು ಬಗೆಯಲ್ಲಿ ದುಬಾರಿ.

ದೊಡ್ಡ ಶಾಲೆಯ ಲಾಭ ಬರೀ ಪ್ರಯೋಗಾಲಯ, ಗ್ರಂಥಾಲಯಗಳದ್ದಲ್ಲ. ಮಗು ಮಾತು ಕಲಿಯುವುದು, ಜಗಳವಾಡುವುದು, ಸೋಲುವುದು, ಗೆಳೆಯರನ್ನು ಆರಿಸಿಕೊಳ್ಳುವುದು ಓರಗೆಯವರ ನಡುವೆ. ಹಾಕಿಗೆ ಹೆಸರಾದ ಜಿಲ್ಲೆಯಲ್ಲಿ ಹನ್ನೊಂದು ಮಕ್ಕಳನ್ನು ಮೈದಾನಕ್ಕಿಳಿಸಲಾಗದ ಶಾಲೆ ಇದೆಯೆಂದರೆ, ಅಲ್ಲಿ ಕೊರತೆಯಿರುವುದು ದೈಹಿಕ ಶಿಕ್ಷಣದಲ್ಲಿ ಮಾತ್ರವಲ್ಲ. 2018-19ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗಿನ ಕಲಿಕೆ ಒಂದೇ ಆವರಣದಲ್ಲಿ ದೊರೆಯುವುದರಿಂದ, ಐದನೆಯದರ ನಂತರ ಒಮ್ಮೆ, ಏಳು ಅಥವಾ ಎಂಟರ ನಂತರ ಮತ್ತೊಮ್ಮೆ ವರ್ಗಾವಣೆ ಪತ್ರ ಹಿಡಿದು ಹೊಸ ಶಾಲೆ ಹುಡುಕುವ ಕಷ್ಟವಿರುವುದಿಲ್ಲ. ಮಕ್ಕಳು ಶಾಲೆ ಬಿಡುವುದು ಇಂಥ ಮೆಟ್ಟಿಲುಗಳಲ್ಲೇ ಹೆಚ್ಚು. ಸೋರುವ ಹತ್ತು ಸೂರುಗಳನ್ನು ವರ್ಷ ವರ್ಷ ದುರಸ್ತಿ ಮಾಡುವ ಹಣದಲ್ಲಿ ವಾಹನ ಓಡಿಸಿ, ತರಗತಿಗೊಬ್ಬ ಶಿಕ್ಷಕರನ್ನು ಕೊಡುವುದು ಲೆಕ್ಕಕ್ಕೂ ಸರಿ, ಮಕ್ಕಳಿಗೂ ಹಿತ.

ವಿರೋಧ

ಹತ್ತು ವರ್ಷಕ್ಕೂ ಹೆಚ್ಚು ಕಾಲ ರಾಜ್ಯವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. 2006-07ರಲ್ಲಿ ಆರಂಭವಾದ ಆ ಯೋಜನೆ ಒಳ್ಳೆಯದೇ; ಬಯಲಿನ ಊರುಗಳಲ್ಲಿ ಎಷ್ಟೋ ಹೆಣ್ಣುಮಕ್ಕಳನ್ನು ಅದು ಪ್ರೌಢಶಾಲೆಗೆ ತಲುಪಿಸಿತು. ಆದರೆ ಮಡಿಕೇರಿ ಬಳಿಯ ಗಾಳಿಬೀಡಿನ ಏರಿನಲ್ಲಿ ಅದೇ ಸೈಕಲ್ಲನ್ನು ತಳ್ಳಿಕೊಂಡೇ ನಡೆಯಬೇಕು. ಸಮಾನವಾಗಿ ಕೊಡುವುದಕ್ಕೂ ನ್ಯಾಯವಾಗಿ ಕೊಡುವುದಕ್ಕೂ ನಡುವಿನ ಅಂತರವನ್ನು ನನಗೆ ಕಲಿಸಿದ್ದು ಯಾವ ತತ್ತ್ವಶಾಸ್ತ್ರವೂ ಅಲ್ಲ, ಏರುದಾರಿಯಲ್ಲಿ ಸೈಕಲ್ ತಳ್ಳುವ ಮಗು.

ವಿಲೀನದ ವಾದವು ದೂರವನ್ನು ಭೂಪಟದಲ್ಲಿ ಅಳೆಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ ರೂಪಿಸಿದ 2010ರ ನಿಯಮಗಳು ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರ್, ಆರರಿಂದ ಎಂಟನೆಯದಕ್ಕೆ ಮೂರು ಕಿಲೋಮೀಟರ್ ನಡಿಗೆಯ ಮಿತಿಯನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಭೂಕುಸಿತ, ಪ್ರವಾಹ, ರಸ್ತೆಯಿಲ್ಲದಿರುವಿಕೆಯಂಥ ಅಪಾಯಗಳಿರುವ ದುರ್ಗಮ ಪ್ರದೇಶದಲ್ಲಿ ಈ ಮಿತಿಯನ್ನು ಇನ್ನೂ ತಗ್ಗಿಸಿ ಶಾಲೆಯನ್ನು ಮಗುವಿನ ಹತ್ತಿರಕ್ಕೆ ತರಬೇಕೆನ್ನುತ್ತವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದ್ದನ್ನೂ ಮರುವರ್ಷ ತೋರ ಗ್ರಾಮ ಕುಸಿದದ್ದನ್ನೂ ಕಂಡ ಜಿಲ್ಲೆಯಲ್ಲಿ ಈ ಮಾತಿಗೆ ವ್ಯಾಖ್ಯಾನ ಬೇಕಿಲ್ಲ. ಹಾಗಿದ್ದೂ ನಾವು ಮಗುವನ್ನು ಶಾಲೆಯಿಂದ ಇನ್ನಷ್ಟು ದೂರ ಸರಿಸುವ ಯೋಜನೆಯನ್ನು ಸಮಾನತೆಯೆಂದು ಚರ್ಚಿಸುತ್ತಿದ್ದೇವೆ.

ವಾಹನ ಬರುತ್ತದೆಯಲ್ಲ ಎನ್ನಬಹುದು. ವಾಹನ ಬರುವುದು ಡಾಂಬರು ರಸ್ತೆಗೆ. ಲೈನ್ ಮನೆಯಿಂದ ಆ ರಸ್ತೆಗೆ ಕಾಫಿ ಗಿಡಗಳ ನಡುವಿನ ಕಾಲುದಾರಿಯೇ ಒಂದು ಕಿಲೋಮೀಟರ್ ಇರಬಹುದು. ಸಿದ್ದಾಪುರ, ಮಾಲ್ದಾರೆ, ತಿತಿಮತಿಯ ಕಡೆ ಬೆಳಗಿನ ಹೊತ್ತು ಆ ದಾರಿಯಲ್ಲಿ ಆನೆ ಇಲ್ಲವೆಂದು ಖಚಿತಪಡಿಸಿಕೊಂಡೇ ಹೆಜ್ಜೆಯಿಡಬೇಕು. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ ಮಳೆಯಲ್ಲಿ ತೋಡು ಉಕ್ಕಿದರೆ ಆನೆಯೂ ಬೇಕಿಲ್ಲ. ಎಂಟು ಗಂಟೆಗೆ ವಾಹನ ಹಿಡಿಯಲು ಆರು ವರ್ಷದ ಮಗು ಏಳಕ್ಕೇ ಹೊರಡಬೇಕು. ತಾಯಿ ತಂದೆ ಇಬ್ಬರೂ ತೋಟದ ಕೆಲಸಕ್ಕೆ ಹೋಗುವವರಾದರೆ ಜೊತೆಗೆ ನಡೆಯುವವರು ಯಾರು? ಹೆಚ್ಚಿನ ಮನೆಗಳಲ್ಲಿ ಉತ್ತರ ಅಕ್ಕ. ತಮ್ಮನನ್ನು ವಾಹನಕ್ಕೆ ಹತ್ತಿಸಿ ಬರುವ ಅಕ್ಕನ ಹಾಜರಿಯ ಬಗ್ಗೆ ವಿಲೀನದ ಲೆಕ್ಕದಲ್ಲಿ ಒಂದು ಸಾಲೂ ಇರುವುದಿಲ್ಲ.

ಬುಡಕಟ್ಟು ಜನರ ವಸತಿಗಳಾದ ಹಾಡಿಗಳ ವಿಷಯಕ್ಕೆ ಬಂದರೆ ಮಾತು ಇನ್ನೂ ಸೂಕ್ಷ್ಮ. 2023ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ, ಉಡುಪಿಗಳ ನಂತರ ಕೊಡಗಿಗೆ ಮೂರನೆಯ ಸ್ಥಾನ ಬಂತು. ಹೆಮ್ಮೆಯ ಸಂಗತಿಯೇ. ಆದರೆ ಫಲಿತಾಂಶವು ಪರೀಕ್ಷೆಗೆ ಕುಳಿತವರನ್ನು ಮಾತ್ರ ಎಣಿಸುತ್ತದೆ. ಮೂರನೆಯ ತರಗತಿಯಲ್ಲೇ ಶಾಲೆಯಿಂದ ಕಣ್ಮರೆಯಾದ ಜೇನುಕುರುಬ ಅಥವಾ ಯರವ ಮಗು ಆ ಸರಾಸರಿಯನ್ನು ಕೆಡಿಸುವುದೇ ಇಲ್ಲ. ಮನೆಯಲ್ಲಿ ಬೇರೆ ನುಡಿಯಾಡುವ ಈ ಮಕ್ಕಳಿಗೆ ಕನ್ನಡವೇ ಶಾಲೆಯಲ್ಲಿ ಕಲಿಯಬೇಕಾದ ಭಾಷೆ. ಸಣ್ಣ ಶಾಲೆಯ ಶಿಕ್ಷಕಿಗೆ ಇಂದು ಬಾರದ ಮಗು ಯಾರು, ಅದರ ಮನೆ ಎಲ್ಲಿ, ಜೇನಿನ ಕಾಲಕ್ಕೆ ಕಾಡಿಗೆ ಹೋಗಿದೆಯೋ ಕಾಫಿ ಕೊಯ್ಲಿಗೆ ಅಪ್ಪ ಅಮ್ಮನ ಜೊತೆ ಹೋಗಿದೆಯೋ ಎಂಬುದು ತಿಳಿದಿರುತ್ತದೆ. ಐನೂರು ಮಕ್ಕಳ ಶಾಲೆಯ ಹಾಜರಿ ಪುಸ್ತಕದಲ್ಲಿ ಅದು ಒಂದು ಗೈರು ಗುರುತು, ಕೆಲವು ವಾರಗಳ ನಂತರ ಅದೂ ಇಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಶೈಕ್ಷಣಿಕ ಹಿತವನ್ನು ವಿಶೇಷ ಕಾಳಜಿಯಿಂದ ಪೋಷಿಸಬೇಕೆಂದು ಸಂವಿಧಾನದ 46ನೆಯ ವಿಧಿ ಹೇಳುವಾಗ ಅದು ಎಲ್ಲರಂತೆ ಇವರೂ ಎಂದು ಹೇಳುತ್ತಿಲ್ಲ.

ಒಬ್ಬ ಶಿಕ್ಷಕ ಹಲವು ತರಗತಿಗಳಿಗೆ ಕಲಿಸುವುದೇ ಶಾಪ ಎಂಬ ಮಾತನ್ನು ನಮ್ಮ ಗಡಿಗಂಟಿದ ಹೆಗ್ಗಡದೇವನಕೋಟೆಯೇ ಸುಳ್ಳು ಮಾಡಿದೆ. 1995ರ ಸುಮಾರಿಗೆ ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ರೂಪಿಸಿದ ನಲಿಕಲಿ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಗುಂಪಾಗಿ ಕುಳಿತು, ಕಾರ್ಡುಗಳ ನೆರವಿನಿಂದ, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಮುಂದೆ ರಾಜ್ಯವೇ ಅದನ್ನು ತನ್ನ ಕೆಳ ತರಗತಿಗಳಿಗೆಲ್ಲ ತಂದುಕೊಂಡಿತು. ಬಹುತರಗತಿ ಬೋಧನೆಗೆ ತಯಾರಿ ಬೇಕು, ಕೈಗೆ ಸಾಮಗ್ರಿ ಬೇಕು, ಲೆಕ್ಕಪತ್ರದ ಹೊರೆ ಇಳಿಯಬೇಕು. ಅದನ್ನು ಮಾಡದೆ, ಸೋತದ್ದು ಶಾಲೆಯ ಗಾತ್ರ ಎಂದು ತೀರ್ಪು ಕೊಡುವುದು ಸುಲಭ.

ಖಾಸಗಿ ಶಾಲೆಯ ಸೀಟಿನ ವಾದಕ್ಕೆ ನಾನು ತಲೆಬಾಗುತ್ತೇನೆ. ಪರ ಪಕ್ಷದ ಅತಿ ಗಟ್ಟಿ ಮಾತು ಅದೇ. ಆದರೆ ನಿಯಮ ತಪ್ಪಾಗಿದ್ದರೆ ತಿದ್ದಬೇಕಾದದ್ದು ನಿಯಮವನ್ನು. ಓರಗೆಯವರ ಕೊರತೆಯೂ ನಿಜ. ಅದಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುವ, ಕೊಠಾರಿ ಆಯೋಗ ಮೊದಲು ಸೂಚಿಸಿದ ಶಾಲಾ ಸಂಕೀರ್ಣದ ದಾರಿಯಿದೆ: ಆಸುಪಾಸಿನ ಶಾಲೆಗಳು ಒಂದು ಗುಂಪಾಗಿ ಶಿಕ್ಷಕರನ್ನೂ ಸಾಮಗ್ರಿಯನ್ನೂ ಹಂಚಿಕೊಳ್ಳುವುದು. ವಾರಕ್ಕೆ ಎರಡು ದಿನ ಇಂಗ್ಲಿಷ್ ಶಿಕ್ಷಕಿ ಜೀಪಿನಲ್ಲಿ ಮಕ್ಕಳಿದ್ದಲ್ಲಿಗೆ ಬರಲಿ, ಶನಿವಾರ ಮಕ್ಕಳೆಲ್ಲ ಒಂದೇ ಮೈದಾನದಲ್ಲಿ ಸೇರಲಿ. ಏರನ್ನು ಹತ್ತುವ ಕೆಲಸ ಸಂಬಳ ಪಡೆಯುವ ದೊಡ್ಡವರದ್ದಾಗುತ್ತದೆ.

ವಿಲೀನವನ್ನು ಪೂರ್ತಿ ಒಪ್ಪದವನೂ ನಾನಲ್ಲ. ಆರನೆಯ ತರಗತಿಯಿಂದ ದೊಡ್ಡ ಶಾಲೆಯೇ ಮೇಲು; ಆ ವಯಸ್ಸಿಗೆ ವಿಜ್ಞಾನಕ್ಕೂ ಗಣಿತಕ್ಕೂ ಬೇರೆ ಬೇರೆ ಶಿಕ್ಷಕರು ಬೇಕು, ಮಕ್ಕಳ ಕಾಲೂ ಗಟ್ಟಿಯಾಗಿರುತ್ತದೆ. ಮೂರನೆಯ ತರಗತಿಯವರೆಗೆ ವಿಲೀನ ಕೂಡದು. ನಾಲ್ಕು, ಐದರ ಮಾತು ದಾರಿಯನ್ನು ನೋಡಿಕೊಂಡು ಆಗಬೇಕು, ಅದನ್ನು ನೋಡುವವರು ಜುಲೈ ತಿಂಗಳ ಒಂದು ಬೆಳಿಗ್ಗೆ ಏಳು ಗಂಟೆಗೆ ಲೈನ್ ಮನೆಯ ಬಾಗಿಲಿನಿಂದ ಹೊರಟು, ಅಲ್ಲಿನ ಅತಿ ಚಿಕ್ಕ ಮಗುವಿನ ಕೈಹಿಡಿದು ರಸ್ತೆಯವರೆಗೆ ನಡೆದ ಮೇಲೆ ಕಡತಕ್ಕೆ ಸಹಿ ಹಾಕಲಿ.